ಚೌಕದ ಮೂರು ದಿನದ ಕಸ

ನಮ್ಮೂರಿನ ದೊಡ್ಡ ಚೌಕ ಇಂದಿಗೂ ಚೌಕವಾಗಿಯೇ ಉಳಿದಿದ್ದರೆ ಅದಕ್ಕೆ ಕಾರಣ ನಾನು ಬರೆದ ಏಳು ಪುಟದ ಅರ್ಜಿ. ಅದರ ಮೊದಲ ಪ್ಯಾರಾ ಓದಿದರೆ ಕಲ್ಲೂ ಕರ್ಚೀಫು ಹುಡುಕುತ್ತದೆ. ನಿವೃತ್ತ ಮೇಷ್ಟ್ರ ಮಾತು, ನಂಬಬಹುದು. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ಚೌಕ ಗುಡಿಸುವ ಕನ್ನಡಿಯಕ್ಕನದು.

ಆ ಹೆಸರು ಚೌಕದವರು ಇಟ್ಟದ್ದು. ಆಕೆ ಗುಡಿಸಿದ ಹಾಸುಗಲ್ಲಿನಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆದುಕೊಂಡವರಿದ್ದಾರೆ. ಪಾರಿವಾಳಗಳೂ ಕಾಲು ಒರೆಸಿಕೊಂಡೇ ಇಳಿಯುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ, ಬೆಳಗಿನ ಐದಕ್ಕೆ ಗಡಿಯಾರದ ಕಂಬದ ಬುಡದಿಂದ ಹೊರಟು, ಕಾರಂಜಿಯನ್ನು ಬಳಸಿ, ಗ್ರಂಥಾಲಯದ ಮೆಟ್ಟಿಲವರೆಗೆ ಗುಡಿಸುತ್ತಾಳೆ. ಕಲ್ಲುಗಳ ಸಂದಿಗೆಂದೇ ಬೇರೆ ಒಂದು ಮೋಟು ಪೊರಕೆ. ಏಳು ಗಂಟೆಗೆ ಒಂದು ಬೆಂಕಿಕಡ್ಡಿಯೂ ಉಳಿದಿರುವುದಿಲ್ಲ. ಮನೆಯಲ್ಲೂ ಅದೇ ದರ್ಬಾರು. ಮಹಡಿಯ ಮೇಲೆ ಒಂದೂವರೆ ಕೋಣೆ, ಗಂಡ ದರ್ಜಿ; ಪಾಪ, ಒಂದೆಳೆ ದಾರ ಕತ್ತರಿಸಬೇಕಾದರೂ ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸ್ತಿಲಾಚೆ ಹೋಗಬೇಕು.

ಕಳೆದ ವರ್ಷ ನಗರಸಭೆಯ ಸರ್ವೆ ಅಧಿಕಾರಿಯೊಬ್ಬ ಬಂದ. ಜನ ಚೌಕವನ್ನು ಬಳಸುತ್ತಾರೋ ಇಲ್ಲವೋ ನೋಡುವುದು, ಇಲ್ಲವಾದರೆ ಕಾರು ನಿಲ್ಲಿಸಲು ಬಿಟ್ಟುಕೊಡುವುದು ಅವನಿಗೆ ವಹಿಸಿದ ಕೆಲಸ. ಬೆಳಿಗ್ಗೆ ಹತ್ತಕ್ಕೆ ಬಂದ, ಖಾಲಿ ಬೆಂಚುಗಳನ್ನು ಕಂಡ, ಬರೆದುಕೊಂಡ. ಚೌಕಕ್ಕೆ ಜೀವ ಬರುವುದೇ ಸಂಜೆ ಐದರ ಮೇಲೆ. ಐದಕ್ಕೆ ಸರಿಯಾಗಿ ಅವನ ಕಚೇರಿಗೆ ಬೀಗ ಬೀಳುತ್ತದೆ. ಸಂಜೆ ಬಂದು ನೋಡಿ, ಐನೂರು ಜನ ಇರ್ತಾರೆ ಎಂದು ಕನ್ನಡಿಯಕ್ಕ ಕೇಳಿಕೊಂಡಳು. ಅವನು ನೆಲ ತೋರಿಸಿದ.

“ಐನೂರು ಜನ ಬಂದು ಹೋದ್ರೆ ಒಂದು ಸಿಪ್ಪೆನಾದ್ರೂ ಬಿದ್ದಿರಬೇಕಲ್ಲಮ್ಮ?”

“ನಾನು ಗುಡಿಸಿದೀನಿ ಸಾರ್.”

“ಇಷ್ಟು ಚೊಕ್ಕವಾಗಿ ಯಾರೂ ಗುಡಿಸಲ್ಲ. ನಾನೆಷ್ಟು ಊರು ನೋಡಿಲ್ಲ.”

ಇಪ್ಪತ್ತೆರಡು ವರ್ಷದಲ್ಲಿ ಆಕೆಗೆ ಸಿಕ್ಕ ಮೊದಲ ಸರಕಾರಿ ಹೊಗಳಿಕೆ, ಅದೂ ಚೌಕದ ಕುತ್ತಿಗೆಗೇ ಬಂತು. ಗುರುವಾರ ಮೇಲಧಿಕಾರಿಯನ್ನು ಕರೆತಂದು ವರದಿಗೆ ಸಹಿ ಹಾಕಿಸುತ್ತೇನೆಂದು ಹೇಳಿ ಅವನು ಹೊರಟ.

ನಾನು ನನ್ನ ಮಾಮೂಲಿ ಬೆಂಚಿನ ಮೇಲೆ ಕೂತು ಅರ್ಜಿ ಬರೆಯತೊಡಗಿದೆ. ಬರೆದೆ, ತಿದ್ದಿದೆ, ಮತ್ತೆ ಬರೆದೆ. ಆಕೆ ಬರೆದದ್ದು ಒಂದೇ ಸಾಲು: ಸೋಮವಾರದಿಂದ ಮೂರು ದಿನ ರಜೆ ಬೇಕು. ಆಕೆಗೆ ಬದಲಿ ಯಾರು ಎಂಬ ಪ್ರಶ್ನೆ ಅಲ್ಲಿಯವರೆಗೆ ಹುಟ್ಟಿಯೇ ಇರಲಿಲ್ಲವಾದ್ದರಿಂದ ಬದಲಿಗೆ ಯಾರೂ ಬರಲಿಲ್ಲ.

ಮಂಗಳವಾರದ ಹೊತ್ತಿಗೆ ಚೌಕದ ಗುರುತು ಹತ್ತದೆ ಪಾರಿವಾಳಗಳು ಪಕ್ಕದ ಊರಿಗೆ ಹೋಗಿ ಇಳಿದವು. ಬುಧವಾರ ಬೂಟು ಪಾಲಿಶಿನವನು, ಕನ್ನಡಿಗೆ ಮಂಕು ಹಿಡೀತು, ವಯಸ್ಸಾಯ್ತು ಪಾಪ ಅಂದ. ದೂರದ ಮೂಲೆಯಲ್ಲಿ ನಿಂತು ನೋಡುತ್ತಿದ್ದ ಆಕೆಯ ಕಿವಿಗೆ ಅದು ಬಿತ್ತು. ಮನೆಗೆ ಹೋಗಿ, ಗುಡಿಸಿದ ನೆಲವನ್ನೇ ನಾಲ್ಕನೇ ಸಲ ಗುಡಿಸಿದಳಂತೆ.

“ನೆಲ ಸವೀತಿದೆ ಕಣೇ,” ಅಂದನಂತೆ ಗಂಡ. “ಇನ್ನೊಂದು ಸಲ ಗುಡಿಸಿದ್ರೆ ಕೆಳಗಿನ ಮನೆಯವರ ಒಲೆ ಕಾಣುತ್ತೆ.”

“ಇಷ್ಟು ವರ್ಷದ ಹೆಸರು ಮೂರೇ ದಿನಕ್ಕೆ ಹೋಯ್ತಲ್ರೀ.”

“ಹೆಸರು ಉಳಿಸ್ಕೊಂಡು ಆಮೇಲೆ ಕಾರಿನ ಕೆಳಗೆ ತೂರ್ಕೊಂಡು ಗುಡಿಸ್ತೀಯಾ?”

ಆಕೆ ಪೊರಕೆಯನ್ನು ಮೂಲೆಗಿಟ್ಟಳು. ಅಂದು ರಾತ್ರಿ ಊಟ ಸೇರಲಿಲ್ಲ.

ಗುರುವಾರ ಬೆಳಗಿನ ಐದಕ್ಕೂ ಆಕೆ ಪೊರಕೆ ಮುಟ್ಟಲಿಲ್ಲ. ಅಧಿಕಾರಿಗಳಿಬ್ಬರೂ ಬಂದವರು ಚೌಕದ ಅಂಚಿನಲ್ಲೇ ನಿಂತುಬಿಟ್ಟರು. ಕಾಲಿಡಲು ಜಾಗ ಬೇಕಲ್ಲ. ಕನ್ನಡಿಯಕ್ಕ ಮುಂದೆ ನಡೆದು, ಪೇಪರ್ ಓದಿ ಹೇಳುವವರ ಹಾಗೆ ಕಸವನ್ನು ಓದಿ ಹೇಳಿದಳು. ಮೆಟ್ಟಿಲ ಮೇಲಿನ ಪೆನ್ಸಿಲ್ ಹೊಟ್ಟು, ಗ್ರಂಥಾಲಯ ಮುಚ್ಚಿದ ಮೇಲೂ ದೀಪದ ಕೆಳಗೆ ಓದುವ ಹುಡುಗಿಯರದು. ಕಾರಂಜಿಯ ಸುತ್ತ ಬಿದ್ದ ಕಿತ್ತಳೆ ಸಿಪ್ಪೆ ಮಕ್ಕಳನ್ನು ಆಡಿಸಲು ಬರುವ ತಾಯಂದಿರದು. ಗಡಿಯಾರದ ಕೆಳಗೆ ಸುರುಳಿ ಸುತ್ತಿದ ಬಸ್ ಟಿಕೆಟ್ಟುಗಳು. ಅಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಾರೆ, ಸುರುಳಿ ಎಷ್ಟು ಸಣ್ಣದೋ ಅಷ್ಟು ಹೊತ್ತು ಕಾದಿದ್ದಾರೆ ಎಂದರ್ಥ. ಆ ಮಾತಿಗೆ ಮೇಲಧಿಕಾರಿ ಬಗ್ಗಿ ಒಂದು ಸುರುಳಿಯನ್ನು ಎತ್ತಿಕೊಂಡರು. ಬಹಳ ಸಣ್ಣದಿತ್ತು.

ಸರ್ವೆಯವನು ಒಂದೊಂದು ಚೂರು ಕಸಕ್ಕೂ ಒಬ್ಬರೆಂದು ಲೆಕ್ಕ ಹಿಡಿದು ಎರಡು ತಾಸು ಎಣಿಸಿದ. ಪುಸ್ತಕದ ಹಾಳೆ ಮುಗಿದು, ಅಂಗಿಯ ತೋಳಿನ ಮೇಲೂ ಬರೆದುಕೊಂಡ. ಕಾರಿನ ಮಾತು ಅಲ್ಲಿಗೆ ನಿಂತಿತು. ಮೇಲಧಿಕಾರಿ ಹಳೆಯ ವರದಿಯನ್ನು ಹರಿದು ಎಸೆಯಹೋದವರು, ಆಕೆಯ ಮುಖ ನೋಡಿ ಚೂರುಗಳನ್ನು ಜೇಬಿಗೆ ಹಾಕಿಕೊಂಡರು. ಆಕೆ ಸೆರಗು ಸಿಕ್ಕಿಸಿ ಪೊರಕೆ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಪಾರಿವಾಳಗಳು ವಾಪಸ್ಸು ಬಂದವು, ಕಾಲು ಒರೆಸಿಕೊಂಡು. ಬೂಟು ಪಾಲಿಶಿನವನು ಎದ್ದು ನಿಂತು ತನ್ನ ಪೆಟ್ಟಿಗೆಯ ಕೆಳಗಿನ ಜಾಗವನ್ನು ತಾನೇ ಒರೆಸಿದ.

ನನ್ನ ಅರ್ಜಿಯ ಶುದ್ಧಪ್ರತಿ ತಯಾರಾದದ್ದು ಶುಕ್ರವಾರ. ಒಂದು ದಿನ ಹೆಚ್ಚುಕಡಿಮೆ ಆಗುವುದೇ. ಅಂದು ಸಂಜೆ ತುಂಬಿದ ಚೌಕದಲ್ಲಿ, ಎಲ್ಲರಿಗೂ ಕೇಳುವಂತೆ, ನೋಡಮ್ಮ, ಕೊನೆಗೂ ನನ್ನ ಅರ್ಜಿಯೇ ಚೌಕ ಉಳಿಸಿತು ಅಂದೆ.

ಕನ್ನಡಿಯಕ್ಕ ನಗಲೂ ಇಲ್ಲ.

“ಸುಳ್ಳಲ್ಲ ಮೇಷ್ಟ್ರೇ. ನಿಮ್ಮ ಬೆಂಚಿನ ಕೆಳಗೆ ಅದರ ಮುದುರಿದ ಹಾಳೆ ಉಂಡೆ ಅರವತ್ತೊಂದು ಸಿಕ್ಕಿದ್ವು. ಸಾಹೇಬ್ರು ಅರವತ್ತೊಂದು ಜನ ಅಂತ ಬರ್ಕೊಂಡ್ರು.”