ನಾನು ತಡೆದಿಟ್ಟ ಜೋಗುಳ

ರೇಣುಕಾ ನಮ್ಮ ಗುಂಪನ್ನು ತಾನಾಗಿ ಬಿಟ್ಟು ಹೋಗಲಿಲ್ಲ. ನಾನೇ ತೆಗೆದುಹಾಕಿದೆ — ಆಮೇಲೆ ನಿಮಗೆಲ್ಲ ಸುಳ್ಳು ಹೇಳಿದೆ. ಉಸ್ಸಪ್ಪಾ... ಬರೆದೆ ನೋಡ್ರಿ! ನಾಲ್ಕು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇದು.

ಹೊಸಬರಿಗಾಗಿ ಹೇಳುತ್ತೇನೆ. ಸೊಲ್ಲಾಪುರ, ಅಕ್ಕಲಕೋಟ ಕಡೆಯ ಕನ್ನಡಿಗರಿಗೆಂದು ಈ ಆನ್‌ಲೈನ್ ಗುಂಪು ಕಟ್ಟಿದವನು ನಾನು, ನಿವೃತ್ತ ಕನ್ನಡ ಮಾಸ್ತರ. ಯಾರು ಏನು ಕಳಿಸಿದರೂ ಅಡ್ಮಿನ್ ಆದ ನಾನು ಒಪ್ಪಿದ ಮೇಲೆಯೇ ನಿಮಗೆ ಕಾಣುತ್ತಿತ್ತು; ಕೆಳಗೆ ಬರೆಯುವ ಕಾಮೆಂಟಿಗೆ ಮಾತ್ರ ಒಪ್ಪಿಗೆ ಬೇಕಿರಲಿಲ್ಲ. ರೇಣುಕಾ ಅಕ್ಕಲಕೋಟ ಹತ್ತಿರದ, ಕುರಿ ಸಾಕುವ ಮನೆತನದ ಹೆಣ್ಣುಮಗಳು. ಮರಾಠಿ ಸಾಲಿಯಲ್ಲಿ ಓದಿದವಳು. ಅಜ್ಜಿಯ ಕನ್ನಡ ಹಾಡುಗಳನ್ನು ಮರಾಠಿ ಅಕ್ಷರದಲ್ಲಿ ಬರೆದು ಹಾಕುತ್ತಿದ್ದಳು. ಎಂಥ ಹಾಡುಗಳು! ನೀವೆಲ್ಲ ಮೆಚ್ಚುತ್ತಿದ್ದಿರಿ. ನನ್ನ ಕವಿತೆಗಳನ್ನು ಮೆಚ್ಚುತ್ತಿದ್ದವನು ನನ್ನ ಅಳಿಯ ಒಬ್ಬನೇ.

ಒಮ್ಮೆ ತಾಯಿಕುರಿಯ ಮೇಲೆ ಕವಿತೆ ಬರೆದು ಫೋಟೋ ಸಮೇತ ಹಾಕಿದೆ. ಆಕೆ ಕೆಳಗೆ ಬರೆದಳು: "ಸರ, ನಿಮ್ಮ ತಾಯಿಕುರಿ ಟಗರ ಅದಲ್ರಿ! ಕೋಡ ನೋಡ್ರಿ." ಗುಂಪೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು.

ಅದೇ ವಾರ ಆಕೆ ಒಂದು ಸಹಾಯ ಕೇಳಿದ್ದಳು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಅಜ್ಜಿಗೆ ತವರಿನ ಜೋಗುಳದ ಎರಡೇ ನುಡಿ ನೆನಪಿದ್ದವು, ಉಳಿದದ್ದು ಮರೆತುಹೋಗಿತ್ತು — ಯಾರಿಗಾದರೂ ಬರುತ್ತದೆಯೇ? ಮರುದಿನ ನಾನು ನಿಯಮ ತಂದೆ: ಕನ್ನಡ ಲಿಪಿಯಲ್ಲಿ ಬರೆಯದವರಿಗೆ ಇಲ್ಲಿ ಜಾಗವಿಲ್ಲ. ಆಕೆಯನ್ನು ತೆಗೆದೆ. 'ರೇಣುಕಾ ತಾವಾಗಿ ಹೋದರು, ಕನ್ನಡ ಕಲಿಯಲು ಮನಸ್ಸಿಲ್ಲವಂತೆ' ಎಂದು ಬರೆದೆ. ಭಾಷಾಭಿಮಾನ ಎಂದು ನೀವು ಹೊಗಳಿದಿರಿ. ಅಭಿಮಾನ ಎಲ್ಲಿಯದು — ಶುದ್ಧ ಹೊಟ್ಟೆಕಿಚ್ಚು.

ಅಂದೇ ಸಂಜೆ ಮಂದ್ರೂಪ ಊರಿನ ಹಿರಿಯಜ್ಜ ಶಿವಪ್ಪ ಮುತ್ಯಾ ಸೊಸೆಯ ಫೋನಿನಿಂದ ಗುಂಪಿಗೆ ವಿಡಿಯೋ ಕಳಿಸಿದರು. ಇಡೀ ಜೋಗುಳ! ಒಪ್ಪಿದ್ದರೆ ನಿಮ್ಮಲ್ಲಿ ಯಾರಾದರೂ ಆಕೆಗೆ ತಲುಪಿಸುತ್ತಿದ್ದಿರಿ. ಒಪ್ಪಲಿಲ್ಲ. ಮುತ್ಯಾ ಫೋನ್ ಮಾಡಿದರು: "ಹಾಡು ಮುಟ್ಟಿತೇನ್ರಿ ಮಾಸ್ತರ?"

"ಆಕಿಗೇ ಮುಟ್ಟಿಸೀನ್ರಿ ಮುತ್ಯಾ. ಅಜ್ಜಿ ಭಾಳ ಖುಷಿ ಆಗ್ಯಾಳ," ಎಂದೆ. ನಾಲಿಗೆ ತಡವರಿಸಲೂ ಇಲ್ಲ — ಥೂ!

ಹೋದ ವಾರ ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಗೆ ಹೋದರೆ, ಸೀರೆ ತೋರಿಸಲು ನಿಂತವಳು ರೇಣುಕಾ. ಗುಂಪಿನಲ್ಲಿದ್ದ ನನ್ನ ಫೋಟೋದಿಂದ ಆಕೆಯೇ ಗುರುತು ಹಿಡಿದಳು. "ಚೂಕ್ ನಂದ ಅದ್ರಿ ಸರ. ಕನ್ನಡ ಅಕ್ಷರ ಕಲೀಬೇಕಿತ್ತು, ಆಗ್ಲಿಲ್ಲ. ಮಾಫ್ ಮಾಡ್ರಿ."

ಆಕೆ ನನ್ನ ಕ್ಷಮೆ ಕೇಳುತ್ತಿದ್ದಳು! ಇನ್ನು ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ, ವಿಡಿಯೋದ ಸಂಗತಿಯನ್ನೂ. ಸೀರೆ ಮಡಚುತ್ತಿದ್ದ ಕೈ ನಿಂತಿತು.

"ಅಜ್ಜಿ ಎರಡ ನುಡಿ ಹಾಡಿ, ತೊಟ್ಟಲ ಹಿಡ್ಕೊಂಡು ಸುಮ್ನ ಕುಂತಳ್ರಿ. ಹ್ವಾದ ವರ್ಷ ತೀರಿಕೊಂಡ್ಳು."

ತಪ್ಪಾಯಿತು ಎಂದೆ. "ನಂದು ಇರ್ಲಿ ಬಿಡ್ರಿ," ಎಂದಳು. "ಮೊದಲ ಮುತ್ಯಾನ ಮುಂದ ಖರೆ ಹೇಳ್ರಿ."

ಮರುದಿನವೇ ಮಂದ್ರೂಪದ ಬಸ್ಸು ಹತ್ತಿದೆ. 'ನನ್ನ ಹಾಡ ಅಕ್ಕಲಕ್ವಾಟದಾಗ ತೊಟ್ಟಲ ತೂಗ್ಯಾದ' ಎಂದು ಮುತ್ಯಾ ಇಷ್ಟು ವರ್ಷ ಊರೆಲ್ಲ ಹೇಳಿಕೊಂಡಿದ್ದರಂತೆ. ಅವರ ಮುಂದೆ ಎಲ್ಲ ಒಪ್ಪಿಕೊಂಡೆ.

"ಹಂಗಾರ ಮುದುಕಿ ಕೇಳ್ಲೇ ಇಲ್ಲ?"

"ಇಲ್ರಿ."

ಅವರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ — ಇದನ್ನೂ ಮುಚ್ಚಿಡಲಾರೆ — ಎದೆ ಹಗುರಾಗಿತ್ತು. ಯಾರ ಮುಂದೆ ಯಾವ ಸುಳ್ಳು ಹೇಳಿದ್ದೆ ಎಂದು ನೆನಪಿಟ್ಟುಕೊಳ್ಳುವ ಪೀಡೆ ತೊಲಗಿತು. ಅಂದಿನಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ.

ವಿಡಿಯೋವನ್ನು ರೇಣುಕಾಗೆ ಕಳಿಸಿದ್ದೇನೆ. ಕೇಳಿದಳೋ ಇಲ್ಲವೋ, ತಿಳಿಯದು. ಲಿಪಿಯ ನಿಯಮ ತೆಗೆದಿದ್ದೇನೆ; ಅಡ್ಮಿನ್ ಅಧಿಕಾರವನ್ನೂ ಬೇರೆಯವರಿಗೆ ಒಪ್ಪಿಸಿದ್ದೇನೆ. ಈಗ ಇದರ ಕೆಳಗೆ ನೀವು ನನಗೆ ಏನೇ ಅನ್ನಿ, ಅಳಿಸಲು ನನ್ನಿಂದಾಗದು. ಬರೆಯಿರಿ.