ಮೊದಲು ನೋಡಿ, ಆಮೇಲೆ ಕೈಮುಗಿಯಿರಿ

ರಾಗಿ ಕೇರುತ್ತಿದ್ದೆ. ಶ್ರೀನಿವಾಸಪುರದಿಂದ ಬಂದ ಭಾವನವರು ಕಾಲು ತೊಳೆಯುವ ಮೊದಲೇ, "ನಿಮ್ಮ ಮೇಷ್ಟ್ರಮ್ಮ ತೀರ್ಕೊಂಡ್ರಂತೆ, ಜಾನಕಮ್ಮಾ" ಅಂದರು. ಮೊರ ಕೈಯಲ್ಲೇ ನಿಂತಿತು.

ಮಾಲೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಮಗೆ ಕಲಿಸಿದ ಪದ್ಮಾವತಮ್ಮನವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಬಿಳಿ ಸೀರೆ, ಬೋಳು ಕೈ. ನಡಿಗೆ ಮಾತ್ರ ರೈಲು ತಪ್ಪಿಹೋಗುತ್ತದೆ ಅನ್ನುವವರದು. ಯಾವ ವಿಗ್ರಹದ ಮುಂದೆ ನಿಂತರೂ ನಮ್ಮನ್ನು ತಡೆಯುತ್ತಿದ್ದರು. "ಮೊದಲು ನೋಡ್ರೇ, ಆಮೇಲೆ ಕೈಮುಗೀರಿ. ಕೈಮುಗಿದ ತಕ್ಷಣ ಕಣ್ಣು ಮುಚ್ಕೋತೀರಿ." ಕೈಮುಗಿಯದೆ ದೇವರೆದುರು ನಿಲ್ಲುವುದೆಂದರೆ ನನಗೆ ಪಾಪವೆನಿಸುತ್ತಿತ್ತು.

ಒಮ್ಮೆ ನಮ್ಮನ್ನು ಬೆಂಗಳೂರಿನ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅಲ್ಲೊಂದು ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ್ದು. ನಮ್ಮೂರುಗಳಲ್ಲಿ ಇಂಥ ಕಲ್ಲಿಗೆ ಅರಿಶಿನ ಮೆತ್ತಿ ಮೆತ್ತಿ ಏನೂ ಕಾಣದು. ಇಲ್ಲಿ ತೊಳೆದ ಕಲ್ಲು. ಮೇಲೆತ್ತಿದ ಕೈ, ಬೆರಳ ಸಂದಿಯಲ್ಲಿ ನಿಂಬೆಹಣ್ಣು, ಮುಂಗೈ ತುಂಬ ಬಳೆ.

"ಈ ಕೈ ಏನು ಹೇಳ್ತಿದೆ?"

"ಆಶೀರ್ವಾದ ಮಾಡ್ತಿದೆ" ಅಂದರು ಎಲ್ಲರೂ.

ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸರಸ ಕಿಸಕ್ಕನೆ ನಕ್ಕಳು. "ಅಮ್ಮೋ, ಆಶೀರ್ವಾದವಂತೆ! ಕೆರೇಲಿ ಮುಳುಗೋರು ಹಿಂಗೇ ಅಲ್ವೇನೇ ಕೈ ಎತ್ತೋದು?"

ಬೇರೆ ಯಾರೂ ನಗಲಿಲ್ಲ. ಮೇಷ್ಟ್ರಮ್ಮ ನನ್ನ ಕಡೆ ತಿರುಗಿದರು. "ನಿನಗೇನು ಕಾಣತ್ತೆ ಹೇಳೇ, ಜಾನಕಿ."

"ಬಳೆ ದೊಡ್ಡವು, ತೋಳು ಸಣ್ಣದು ಮೇಷ್ಟ್ರಮ್ಮ. ನಮ್ಮಷ್ಟೇ ಹುಡುಗಿ ಇರ್ಬೇಕು."

ಅವರು ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ನಿನಗೆ ಗಂಡು ಗೊತ್ತಾಗಿದೆಯಂತಲ್ಲ?" ಅಂದರು. ಗೊತ್ತಾಗಿತ್ತು. ಕೋಲಾರದವರು, ಎರಡನೆಯ ಸಂಬಂಧ, ತಲೆ ನರೆತಿತ್ತು.

ಮರುದಿನ ನಮ್ಮ ಮನೆಗೆ ಬಂದರು. ಹೊಸ್ತಿಲಾಚೆಯೇ ನಿಂತು, "ಒಂದು ವರ್ಷ ತಡೀರಿ, ಓದ್ಲಿ" ಎಂದು ಅಪ್ಪನನ್ನು ಬೇಡಿಕೊಂಡರು.

"ಮದುವೆ ಮಾತಾಡೋ ಮನೆಗೆ ನೀವು ಬರಬಹುದೇನಮ್ಮಾ?" ಅಂದರು ಅಪ್ಪ.

ಅವರ ಬೇಡಿಕೆಗೆ ಅಪ್ಪ ಕಿವಿಗೊಡಲಿಲ್ಲ. ಆದರೆ ಶಕುನ ಕೆಟ್ಟಿತೆಂದು ತಾವೇ ಮದುವೆಯನ್ನು ಮುಂದಕ್ಕೆ ಹಾಕಿದರು.

ಗಂಡಿನವರು ಕಾಯಲಿಲ್ಲ. ಸರಸಳ ಮನೆಗೆ ಹೋಗಿ ಹೆಣ್ಣು ಕೇಳಿದರು. ನನಗೆಂದು ಇಟ್ಟಿದ್ದ ಮುಹೂರ್ತದಲ್ಲೇ ಅವಳಿಗೆ ಧಾರೆಯಾಯಿತು. ಮಾಗಿಯಲ್ಲಿ ಪ್ಲೇಗು ಬಂದು ಆ ಗಂಡು ಹೋದ. ಸರಸ ತವರಿಗೆ ವಾಪಸು ಬಂದಳು.

ಮೇಷ್ಟ್ರಮ್ಮನಿಗೆ ಶ್ರೀನಿವಾಸಪುರಕ್ಕೆ ವರ್ಗವಾದಾಗ ನಾನು ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ಹತ್ತಿ ಕೂತವರು ಕಿಟಕಿಯಿಂದ ಕೇಳಿದರು:

"ಸರಸಾನ ನೋಡ್ದೆಯಾ?"

"ನೋಡ್ದೆ."

"ನನ್ನ ಬೈದ್ಲಾ?"

"ಇಲ್ಲ ಮೇಷ್ಟ್ರಮ್ಮ."

"ಬೈದಿದ್ರೆ ಚೆನ್ನಾಗಿತ್ತು ಕಣೇ" ಅಂದರು. ಆಮೇಲೆ ನಾನು ಅವರನ್ನು ನೋಡಲೇ ಇಲ್ಲ.

ಮರುವರ್ಷ ನನಗೆ ಇದೇ ಮಾಲೂರಿನಲ್ಲಿ ಒಳ್ಳೆಯ ಕಡೆ ಮದುವೆಯಾಯಿತು. ಹಣೆಯಲ್ಲಿ ಕುಂಕುಮವಿದೆ, ತೊಟ್ಟಿಲಲ್ಲಿ ಮಗುವಿದೆ, ಕೊಟ್ಟಿಗೆಯಲ್ಲಿ ಹಾಲಿದೆ. ದೇವರು ಕೊಟ್ಟದ್ದನ್ನು ದಿನವೂ ನೆನೆಯುತ್ತೇನೆ. ನೆನೆಯುತ್ತಿದ್ದಂತೆ, ಇದೆಲ್ಲ ಯಾರ ಪಾಲಿನದು ಎಂದು ಒಳಗೆ ಯಾರೋ ಕೇಳಿದಂತಾಗುತ್ತದೆ. ಸರಸ ಎರಡು ಬೀದಿ ಆಚೆ ಇದ್ದಾಳೆ. ದೇವಸ್ಥಾನಕ್ಕೆ ನಾನು ಅವಳ ಬೀದಿ ಬಿಟ್ಟು ಸುತ್ತು ಬಳಸಿಕೊಂಡು ಹೋಗುತ್ತೇನೆ.

"ಆ ಸರಸಮ್ಮನಿಗೂ ಹೇಳ್ಬೇಕಲ್ಲಮ್ಮಾ, ನಾನೇ ಹೋಗಿ ಬರ್ಲಾ?" ಅಂದರು ಕಾಲು ತೊಳೆದು ಬಂದ ಭಾವನವರು.

"ಬೇಡ, ನಾನೇ ಹೋಗ್ತೀನಿ" ಅಂದೆ.

ಹಸು ಕೂಗಿತು, ಅದೇ ನೆಪವಾಯಿತು. ಚೊಂಬು ತೊಳೆದುಕೊಂಡು ಹಾಲು ಕರೆಯಲು ಹೋದೆ.