ಮೊಂಡಿಯ ಹಾಲು ತೆಳ್ಳಗಾದ ಬೇಸಿಗೆ

ನಮ್ಮ ದೊಡ್ಡಮ್ಮನಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಒಂದು ಹಸುವಿತ್ತು, ತಂಗಿಯ ಮಗಳಾದ ನಾನಿದ್ದೆ. ಊಟವೂ ಅದೇ ಕ್ರಮದಲ್ಲಿ ಆಗುತ್ತಿತ್ತು: ಮೊದಲು ಹಸು, ಆಮೇಲೆ ನಾನು, ಕೊನೆಗೆ ಅವಳು. ಹಸುವಿನ ಹೆಸರು ಮೊಂಡಿ. "ನಿಮ್ಮನೇಲಿ ಮೊಂಡಿ ಯಾರೇ, ಕಟ್ಟಿಸ್ಕೊಂಡೋಳಾ, ಕಟ್ಟಿದೋಳಾ?" ಎಂದು ಬೀದಿಯವರು ನನ್ನನ್ನು ಕೆಣಕುತ್ತಿದ್ದರು. ಇಬ್ಬರೂ ಅನ್ನುತ್ತಿದ್ದೆ. ಸುಳ್ಳೇನಲ್ಲ.

ದೊಡ್ಡಮ್ಮನಿಗಿದ್ದದ್ದು ಒಂದೇ ಜಂಬ, ಅವಳ ಹಾಲಿಗೆ ನೀರು ಸೋಕಿದ್ದಿಲ್ಲ ಎಂಬುದು. ಕ್ಯಾನು ತೊಳೆದು ಬೋರಲು ಹಾಕಿ, ಒಣಗಿದ ಮೇಲೂ ಬಟ್ಟೆಯಿಂದ ಒರೆಸುತ್ತಿದ್ದಳು. ನನಗೆ ಅದು ಅತಿಯಾಯಿತು ಅನ್ನಿಸುತ್ತಿತ್ತು.

ಆ ಬೇಸಿಗೆ ತಗಡಿನ ಸೂರು ಕಾದು ಕೊಟ್ಟಿಗೆ ಒಲೆಯಾಯಿತು. ಮೊಂಡಿ ಮೇವನ್ನು ಮೂಸಿ ಬಿಡುತ್ತಿದ್ದಳು. ಮಲಗುವುದನ್ನೂ ಮರೆತು, ಬಾಯಿ ತೆರೆದು, ಜೊಲ್ಲು ಸುರಿಸುತ್ತ ನಿಂತೇ ಇರುತ್ತಿದ್ದಳು. ಹಾಲು ಅರ್ಧಕ್ಕಿಳಿಯಿತು. ಇಳಿದದ್ದಷ್ಟೇ ಅಲ್ಲ, ತೆಳ್ಳಗೂ ಆಯಿತು.

ಡೈರಿಯಲ್ಲಿ ಹಾಲಿಗೆ ಗಾಜಿನ ಕಡ್ಡಿ ಇಳಿಬಿಟ್ಟು ಅದರ ಗಟ್ಟಿತನದ ಡಿಗ್ರಿ ನೋಡುವವನನ್ನು ಎಲ್ಲರೂ ಡಿಗ್ರಿಯಣ್ಣ ಅನ್ನುತ್ತಿದ್ದರು. ಅವತ್ತು ಅವನು ಕಡ್ಡಿ ತೆಗೆದು, ಒರೆಸಿ, ಮತ್ತೆ ಇಳಿಬಿಟ್ಟ.

"ಡಿಗ್ರಿ ಬರ್ತಿಲ್ವಲ್ಲಮ್ಮ. ನೀರು ಗೀರು..."

"ಗೀರು ಅಂದ್ರೆ ಏನಪ್ಪ?"

"ತಪ್ಪು ತಿಳ್ಕೋಬೇಡಿ. ಕ್ಯಾನು ತೊಳೆದಾಗ ಒಂದಿಷ್ಟು ಉಳಿದಿರುತ್ತೆ."

ಸಾಲಿನಲ್ಲಿ ನಿಂತವರು ಕಿವಿ ನೆಟ್ಟಗೆ ಮಾಡಿಕೊಂಡರು. ದೊಡ್ಡಮ್ಮ ಕ್ಯಾನು ಎತ್ತಿಕೊಂಡು ಸರಸರನೆ ಮನೆಗೆ ನಡೆದಳು. ಅವಳಿಗೆ ಅವಮಾನವಾಗಿತ್ತು.

ಮರುದಿನದಿಂದ ಹಾಲು ಗಟ್ಟಿ ಮಾಡಲು ಟೊಂಕ ಕಟ್ಟಿದಳು. ಹಿಂಡಿ ಹೆಚ್ಚಿಸಿದಳು. ಸಂಜೆಯ ಹಾಲಿಗೆ ದಕ್ಕಲಿ ಎಂದು ಅದನ್ನು ನಡುಮಧ್ಯಾಹ್ನವೇ ತಿನ್ನಿಸಿದಳು. ಮೊಂಡಿ ಮುಖ ತಿರುಗಿಸಿದರೆ ಉಂಡೆ ಕಟ್ಟಿ ಬಾಯಿಗೆ ತುರುಕಿದಳು.

"ತಿನ್ನೇ ತಾಯಿ. ನನ್ನ ಮಾನ ಉಳಿಸು."

"ಸಂಜೆ ತಂಪಾದ್ಮೇಲೆ ಕೊಡು ದೊಡ್ಡಮ್ಮ," ಅಂದೆ.

"ನಿನ್ ಕೆಲಸ ನೋಡ್ಕೊ ಹೋಗು."

ಹೋದೆ. ಅವಳ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಆ ವಾರವೇ ಒಂದು ಮಧ್ಯಾಹ್ನ ಮೊಂಡಿ ಮುಂಗಾಲು ಮಡಚಿ ಕುಸಿದಳು. ಕೊಡಗಟ್ಟಲೆ ನೀರು ಸುರಿದೆವು. ಪಶುವೈದ್ಯರು ಬಂದಾಗ ಉಸಿರಿತ್ತು, ಕಣ್ಣಲ್ಲಿ ನೋಟವಿರಲಿಲ್ಲ.

"ಮೊದಲೇ ಸೆಕೆ, ಮೇವು ಅರಗೋದಕ್ಕೂ ಮೈ ಕಾಯುತ್ತೆ," ಎಂದರು ಅವರು. "ಮಧ್ಯಾಹ್ನದ ಹೊತ್ತು ಹಿಂಡಿ ಯಾಕೆ ತಿನ್ನಿಸಿದ್ರಿ?"

ದೊಡ್ಡಮ್ಮ ತನ್ನ ಅಂಗೈ ನೋಡಿಕೊಂಡಳು. ಹಿಂಡಿ ಇನ್ನೂ ಅಂಟಿಕೊಂಡಿತ್ತು. ಹೊತ್ತು ಮುಳುಗುವ ಮೊದಲೇ ಮೊಂಡಿ ಹೋದಳು.

ದೊಡ್ಡಮ್ಮ ಅಳಲಿಲ್ಲ. ನನಗೂ ಅಳು ಬರಲಿಲ್ಲ. ಎದೆಯೊಳಗೆ ಏನೂ ಇರಲಿಲ್ಲ, ಅಷ್ಟೇ. ಅಡುಗೆ ಮಾಡಿದೆ, ಬಡಿಸಿದೆ. ಈಗ ಮೊದಲು ಉಣ್ಣಬೇಕಾದವಳು ನಾನು.

ಬೆಳಿಗ್ಗೆ ಅವಳು ಕ್ಯಾನು ತೊಳೆದು, ಬೋರಲು ಹಾಕಿ, ಒಣಗಿದ ಮೇಲೆ ಬಟ್ಟೆಯಿಂದ ಒರೆಸಿ ಡೈರಿಗೆ ಹೊರಟಳು. ತಡೆಯುವಷ್ಟು ಶಕ್ತಿಯೂ ನನಗಿರಲಿಲ್ಲ, ಸುಮ್ಮನೆ ಹಿಂದೆ ಹೋದೆ. ಡಿಗ್ರಿಯಣ್ಣನಿಗೆ ಸುದ್ದಿ ಮುಟ್ಟಿರಲಿಲ್ಲ. ನಮ್ಮನ್ನು ಕಂಡು ತಾನೇ ಎದ್ದು ಬಂದ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಈಗ ಎಲ್ಲರ ಹಾಲೂ ಹಂಗೇ ಬರ್ತಿದೆ. ಬಿಸಿಲಿಗೆ ಹಸುಗಳ ಹಾಲೇ ತೆಳ್ಳಗಾಗುತ್ತಂತೆ. ನೀವು ನೀರು ಹಾಕಿರಲಿಲ್ಲ."

ದೊಡ್ಡಮ್ಮ ಕ್ಯಾನನ್ನು ಅವನ ಮುಂದಿಟ್ಟು ಮುಚ್ಚಳ ತೆಗೆದಳು.

"ನೋಡಪ್ಪ," ಅಂದಳು. "ಒಂದು ಹನಿ ಇದ್ರೆ ಹೇಳು."

ಅವನು ಬಗ್ಗಿ ನೋಡಿದ. ಒಳಗೆಲ್ಲ ಒಣಗಿತ್ತು.